ಪ್ರಮಾದದ ಎಂಬತ್ತು ಲೆಕ್ಕ: ಗೊಮ್ಮಟಸಾರದ ಒಂದು ಪ್ರಕರಣ ಮತ್ತು ನಮ್ಮ ಮಕ್ಕಳ ಓದು

ಆಚಾರ್ಯ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ 'ಗೊಮ್ಮಟಸಾರ'ವು ಪಂಡಿತರಿಗೆ ಮಾತ್ರ ಮೀಸಲಾದ ಗಹನ ಗ್ರಂಥವೆಂದು ಭಾವಿಸಿ, ಅದಕ್ಕೆ ದೂರದಿಂದಲೇ ವಂದಿಸಿ ಬಸದಿಯ ಕಪಾಟಿನಲ್ಲಿ ಭದ್ರವಾಗಿ ಇರಿಸುವುದು ನಮ್ಮಲ್ಲಿ ರೂಢಿಯಾಗಿದೆ. ನಾನೂ ಬಹುಕಾಲ ಹಾಗೆಯೇ ಮಾಡಿದವನು. ಆದರೆ ಅದರ ಜೀವಕಾಂಡದಲ್ಲಿ ಬರುವ ಪ್ರಮಾದದ ಪ್ರಕರಣವನ್ನು ಸಾವಧಾನವಾಗಿ ಓದಿದಾಗ, ಅದು ಮುನಿಗಳ ಸ್ಥಿತಿಯನ್ನು ಕುರಿತು ಹೇಳಿದ್ದಾದರೂ ವಿದ್ಯಾರ್ಥಿಗಳಿರುವ ಪ್ರತಿಯೊಂದು ಮನೆಗೂ ಅನ್ವಯಿಸುವಂಥದು ಎಂದು ನನಗೆ ತೋರಿತು. ಓದನ್ನು ಇಂದು, ನಾಳೆ ಎಂದು ಮುಂದೂಡುವ ಮತ್ತು ಓದಲು ಕುಳಿತರೂ ಮನಸ್ಸು ನಿಲ್ಲದಿರುವ ತೊಂದರೆಯನ್ನು ಈ ಪ್ರಕರಣದ ಬೆಳಕಿನಲ್ಲಿ ವಿಮರ್ಶಿಸುವುದು ಈ ಲೇಖನದ ಉದ್ದೇಶ.

ಗ್ರಂಥದ ಹಿನ್ನೆಲೆಯನ್ನು ಮೊದಲು ನೆನೆಯುವುದು ಉಚಿತ. ಹತ್ತನೆಯ ಶತಮಾನದ ಈ ಕೃತಿಯು ಷಟ್ಖಂಡಾಗಮದ ಸಾರಸಂಗ್ರಹ. ಗಂಗರ ಮಂತ್ರಿಯೂ ಸೇನಾಪತಿಯೂ ಆಗಿದ್ದ ಚಾವುಂಡರಾಯನಿಗಾಗಿ ಇದು ರಚಿತವಾಯಿತು. ಅವನಿಗಿದ್ದ 'ಗೊಮ್ಮಟ' ಎಂಬ ಹೆಸರೇ ಗ್ರಂಥಕ್ಕೂ ಬಂದಿತು. 978ರಲ್ಲಿ ಕನ್ನಡ ಗದ್ಯದಲ್ಲಿ ಪುರಾಣವನ್ನು ಬರೆದವನೂ, 981ರ ಸುಮಾರಿಗೆ ಶ್ರವಣಬೆಳಗೊಳದಲ್ಲಿ ಬಾಹುಬಲಿಯ ಮೂರ್ತಿಯನ್ನು ನಿಲ್ಲಿಸಿದವನೂ ಇವನೇ. ಯುದ್ಧ ಮತ್ತು ರಾಜ್ಯಭಾರದ ನಡುವೆ ಬಿಡುವು ಮಾಡಿಕೊಂಡು ಓದುತ್ತಿದ್ದ ಗೃಹಸ್ಥನೊಬ್ಬನಿಗಾಗಿ ಹುಟ್ಟಿದ ಗ್ರಂಥವಿದು ಎಂಬುದನ್ನು, ವೇಳೆಯಿಲ್ಲವೆಂದು ಹೇಳುವ ನಾವು ಮರೆಯಬಾರದು. ಮೂಲವು ಪ್ರಾಕೃತದಲ್ಲಿದ್ದರೂ ಕೇಶವವರ್ಣಿಯು 1359ರಲ್ಲಿ ಇದಕ್ಕೆ ಕನ್ನಡದಲ್ಲಿ ವಿಸ್ತಾರವಾದ ವೃತ್ತಿಯನ್ನು ಬರೆದು ಮುಗಿಸಿದನು. ಆದುದರಿಂದ ಭಾಷೆ ತಿಳಿಯದೆಂಬ ನೆಪವೂ ಕನ್ನಡಿಗರಿಗೆ ಉಳಿಯುವುದಿಲ್ಲ.

ಜೀವಕಾಂಡದಲ್ಲಿ ಹದಿನಾಲ್ಕು ಗುಣಸ್ಥಾನಗಳ ವಿವರಣೆ ಬರುತ್ತದೆ. ಅವುಗಳಲ್ಲಿ ಆರನೆಯದಾದ ಪ್ರಮತ್ತವಿರತವನ್ನು ವಿವರಿಸುವಾಗ ಆಚಾರ್ಯರು ಹದಿನೈದು ಪ್ರಮಾದಗಳನ್ನು ಹೆಸರಿಸುತ್ತಾರೆ. ಸ್ತ್ರೀಕಥೆ, ಭಕ್ತಕಥೆ ಅಂದರೆ ಊಟೋಪಚಾರದ ಮಾತು, ರಾಷ್ಟ್ರಕಥೆ ಮತ್ತು ಅವನಿಪಾಲಕಥೆ ಅಂದರೆ ಆಳುವವರ ಸುದ್ದಿ, ಇವು ನಾಲ್ಕು ವಿಕಥೆಗಳು. ಕ್ರೋಧ, ಮಾನ, ಮಾಯೆ, ಲೋಭ ಎಂಬವು ನಾಲ್ಕು ಕಷಾಯಗಳು. ಸ್ಪರ್ಶನ, ರಸನ, ಘ್ರಾಣ, ಚಕ್ಷು, ಶ್ರೋತ್ರ ಎಂಬ ಐದು ಇಂದ್ರಿಯಗಳಿಗೆ ವಶವಾಗುವುದು ಐದು. ಕೊನೆಯಲ್ಲಿ ನಿದ್ರೆ ಒಂದು, ಸ್ನೇಹ ಒಂದು.

ಈ ಪಟ್ಟಿಯಲ್ಲಿ ಗಮನಿಸಬೇಕಾದ ಮೊದಲ ಸಂಗತಿಯೆಂದರೆ ಇದರಲ್ಲಿ ಆಲಸ್ಯವೆಂಬ ಹೆಸರೇ ಇಲ್ಲ. ನಿದ್ರೆಗೆ ಹದಿನೈದರಲ್ಲಿ ಒಂದೇ ಸ್ಥಾನ. ಉಳಿದವುಗಳಲ್ಲಿ ಜೀವನು ಸುಮ್ಮನೆ ಕುಳಿತಿಲ್ಲ. ಮಾತನಾಡುತ್ತಾನೆ, ಕೋಪಿಸುತ್ತಾನೆ, ನೋಡುತ್ತಾನೆ, ಕೇಳುತ್ತಾನೆ, ಯಾರನ್ನೋ ಹಂಬಲಿಸುತ್ತಾನೆ. ತತ್ತ್ವಾರ್ಥಸೂತ್ರದ ಎಂಟನೆಯ ಅಧ್ಯಾಯದಲ್ಲಿ ಪ್ರಮಾದವು ಬಂಧದ ಐದು ಹೇತುಗಳಲ್ಲಿ ಒಂದು. ಅಲ್ಲಿ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ಅರ್ಥವೂ, ಹಿತಕರವಾದ ಕಾರ್ಯದಲ್ಲಿ ಆದರವಿಲ್ಲದಿರುವುದೇ ಪ್ರಮಾದ ಎಂಬುದಾಗಿದೆ. ಓದನ್ನು ಮುಂದೂಡುವ ಹುಡುಗನಿಗೆ ಶಕ್ತಿಯ ಕೊರತೆ ಇರಲೇಬೇಕೆಂದಿಲ್ಲ. ಅವನ ಶಕ್ತಿ ಬೇರೆಡೆ ವ್ಯಯವಾಗುತ್ತಿದೆ. ಆದಾಯವಿಲ್ಲದ ಅಂಗಡಿಗೂ, ಆದಾಯವೆಲ್ಲ ಬೇರೆ ಖಾತೆಗೆ ಖರ್ಚಾಗುವ ಅಂಗಡಿಗೂ ವ್ಯತ್ಯಾಸವಿದೆ ಎಂಬುದನ್ನು ವ್ಯಾಪಾರಸ್ಥರಾದ ನಾವು ಬಲ್ಲೆವು.

ಎರಡನೆಯ ಸಂಗತಿ ಗಣಿತಕ್ಕೆ ಸಂಬಂಧಿಸಿದ್ದು. ಒಂದೊಂದು ಗುಂಪಿನಿಂದ ಒಂದೊಂದನ್ನು ತೆಗೆದುಕೊಂಡು ಜೋಡಿಸಿದರೆ ನಾಲ್ಕು, ನಾಲ್ಕು, ಐದು, ಒಂದು, ಒಂದು ಇವುಗಳ ಗುಣಾಕಾರದಿಂದ 80 ಭಂಗಗಳಾಗುತ್ತವೆ. ಸಂಖ್ಯೆಯನ್ನು ಕೊಟ್ಟರೆ ಭಂಗವನ್ನು ಹೇಳುವ 'ನಷ್ಟ'ವಿಧಾನವನ್ನೂ, ಭಂಗವನ್ನು ಕೊಟ್ಟರೆ ಸಂಖ್ಯೆಯನ್ನು ಹೇಳುವ 'ಉದ್ದಿಷ್ಟ'ವಿಧಾನವನ್ನೂ ಆಚಾರ್ಯರು ಕಲಿಸುತ್ತಾರೆ. ಇದು ಕೇವಲ ಶುಷ್ಕ ಪಾಂಡಿತ್ಯವೆಂದು ಆಕ್ಷೇಪಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ವೋಚರಿನಿಂದ ಖಾತೆಗೂ, ಖಾತೆಯಿಂದ ವೋಚರಿಗೂ ಹೋಗಿ ತಾಳೆ ನೋಡುವ ಲೆಕ್ಕಪರಿಶೋಧನೆಯ ಕ್ರಮವೇ ಇದು. 'ನಾನು ಪ್ರಮಾದಿ' ಎಂದು ಒಟ್ಟಾರೆಯಾಗಿ ಒಪ್ಪಿಕೊಳ್ಳುವುದು ಸುಲಭ. ಯಾವ ಮಾತು, ಯಾವ ಕಷಾಯ, ಯಾವ ಇಂದ್ರಿಯ ಎಂದು ಬಿಡಿಸಿ ಹೇಳಬೇಕಾದಾಗ ಮಾತ್ರ ನಿಜವಾದ ಆಲೋಚನೆಯು ಆರಂಭವಾಗುತ್ತದೆ.

ಇದನ್ನು ಸ್ವಂತ ಉದಾಹರಣೆಯಿಂದ ಸ್ಪಷ್ಟಪಡಿಸುತ್ತೇನೆ. ನನ್ನ ಮಗನು ಬಿ.ಕಾಂ. ಓದುತ್ತಿದ್ದ ಕಾಲದಲ್ಲಿ ನಾನು ಪ್ರತಿದಿನ ಸಂಜೆ ಅಂಗಡಿಯ ಮುಂಗಟ್ಟಿನಲ್ಲಿ ನಾಲ್ವರು ಮಿತ್ರರೊಡನೆ ಕುಳಿತು ದೇಶದ ಆಗುಹೋಗುಗಳನ್ನು ಚರ್ಚಿಸುತ್ತಿದ್ದೆ. ನನ್ನ ಅಭಿಪ್ರಾಯಕ್ಕೆ ಎಲ್ಲರೂ ತಲೆದೂಗುವುದನ್ನು ಕೇಳುವುದು ಹಿತವಾಗಿತ್ತು. ಮಗನು ಮಹಡಿಯ ಮೇಲೆ ಪುಸ್ತಕ ತೆರೆಯದೆ ಕುಳಿತಿರುವುದನ್ನು ಕಂಡಾಗಲೆಲ್ಲ 'ಸೋಮಾರಿ' ಎಂದು ಗದರಿಸುತ್ತಿದ್ದೆ. ಅವನು ಒಂದು ವಿಷಯದಲ್ಲಿ ಎರಡು ಬಾರಿ ಅನುತ್ತೀರ್ಣನಾಗಿ ಓದನ್ನು ಬಿಟ್ಟು ಅಂಗಡಿಗೆ ಬಂದನು. ಹಲವು ವರ್ಷಗಳ ಮೇಲೆ, ಬೇರೇನೋ ಮಾತಿನ ನಡುವೆ ಅವನು ಹೇಳಿದನು: "ಅಪ್ಪಾಜಿ, ನಾನು ಸೋಮಾರಿಯಾಗಿರಲಿಲ್ಲ. ಉಳಿದ ವಿಷಯಗಳನ್ನೆಲ್ಲ ಓದುತ್ತಿದ್ದೆ. ಕಾಸ್ಟಿಂಗ್ ಪುಸ್ತಕ ಮುಟ್ಟಲು ಮಾತ್ರ ಹೆದರಿಕೆಯಾಗುತ್ತಿತ್ತು. ನಿಮ್ಮನ್ನು ಕೇಳೋಣವೆಂದರೆ ಕೆಳಗೆ ಯಾವಾಗಲೂ ಜನ ಇರುತ್ತಿದ್ದರು." ನಾನೂ ಬಿ.ಕಾಂ. ಪದವೀಧರ. ಆ ವಿಷಯವನ್ನು ಹೇಳಿಕೊಡಲು ಸಮರ್ಥನಾಗಿದ್ದೆ.

ಆ ಸಂಜೆಗಳ ನನ್ನ ಭಂಗವನ್ನು ಈಗ ಲೆಕ್ಕ ಹಾಕಿದ್ದೇನೆ. ಅದು ರಾಷ್ಟ್ರಕಥೆ, ಮಾನ ಮತ್ತು ಶ್ರೋತ್ರಗಳ ಜೋಡಣೆ; ನಿದ್ರೆ ಮತ್ತು ಸ್ನೇಹ ಎಲ್ಲ ಭಂಗಗಳಿಗೂ ಸಮಾನ. ವಿಕಥೆಗಳು ಮೊದಲು ಬದಲಾಗುವ ಕ್ರಮದಲ್ಲಿ ಒಂದೊಂದು ಇಂದ್ರಿಯಕ್ಕೆ 16 ಭಂಗಗಳು. ಶ್ರೋತ್ರವು ಐದನೆಯದಾದ್ದರಿಂದ ಅದಕ್ಕೆ ಮುಂಚೆ 64 ಕಳೆದಿವೆ. ಮಾನವು ಎರಡನೆಯದಾದ್ದರಿಂದ ಕ್ರೋಧದ 4 ಕಳೆದಿವೆ. ರಾಷ್ಟ್ರಕಥೆ ಮೂರನೆಯದು. ಒಟ್ಟು 71. ತಾಳೆ ನೋಡುವುದಾದರೆ 71ನ್ನು ನಾಲ್ಕರಿಂದ ಭಾಗಿಸಬೇಕು. ಭಾಗಲಬ್ಧ 17, ಶೇಷ 3, ಅಂದರೆ ರಾಷ್ಟ್ರಕಥೆ. ಶೇಷವಿರುವುದರಿಂದ ಭಾಗಲಬ್ಧಕ್ಕೆ ಒಂದನ್ನು ಕೂಡಿಸಿ 18ನ್ನು ನಾಲ್ಕರಿಂದ ಭಾಗಿಸಿದರೆ ಲಬ್ಧ 4, ಶೇಷ 2, ಅಂದರೆ ಮಾನ. ಮತ್ತೆ ಒಂದನ್ನು ಕೂಡಿಸಿದ 5ನ್ನು ಐದರಿಂದ ಭಾಗಿಸಿದರೆ ಶೇಷ ಸೊನ್ನೆ. ಸೊನ್ನೆ ಬಂದರೆ ಕೊನೆಯದು, ಅಂದರೆ ಶ್ರೋತ್ರ. ಮಗನನ್ನು ಗದರಿಸುತ್ತಿದ್ದ ತಂದೆಯ ಲೆಕ್ಕ 71 ಆಗಿತ್ತು. ಮಗನ ಲೆಕ್ಕವನ್ನು ಮಾತ್ರ ನಾನು ಹಾಕಿಯೇ ಇರಲಿಲ್ಲ.

ಆದರೆ ಮಗನ ಲೆಕ್ಕವನ್ನು ಹಾಕಹೊರಟರೆ ಈ ಎಂಬತ್ತರ ಮಿತಿಯೂ ಗೋಚರಿಸುತ್ತದೆ. ಅವನನ್ನು ತಡೆದದ್ದು ಭಯ. ಭಯಕ್ಕೆ ಈ ಹದಿನೈದರಲ್ಲಿ ಸ್ಥಾನವಿಲ್ಲ. ವ್ಯಾಖ್ಯಾನ ಪರಂಪರೆಯು ಈ ಕೊರತೆಯನ್ನು ತುಂಬಿದೆ. ಅಲ್ಲಿ 25 ವಿಕಥೆ, 25 ಕಷಾಯ, ಮನಸ್ಸನ್ನು ಸೇರಿಸಿ 6 ಇಂದ್ರಿಯ, 5 ನಿದ್ರೆ, ಸ್ನೇಹ ಮತ್ತು ಮೋಹ ಎಂಬ 2, ಇವುಗಳಿಂದ 37,500 ಭಂಗಗಳಾಗುತ್ತವೆ. ಆ ಇಪ್ಪತ್ತೈದು ಕಷಾಯಗಳಲ್ಲಿ ನೋಕಷಾಯಗಳು ಒಂಬತ್ತು. ಅವುಗಳಲ್ಲಿ ಭಯವೂ ಇದೆ, ರುಚಿಯಿಲ್ಲದಿರುವ ಅರತಿಯೂ ಇದೆ. ವಿದ್ಯಾರ್ಥಿಯ ಮುಂದೂಡಿಕೆಗೆ ಬಹುಮಟ್ಟಿಗೆ ಈ ಎರಡೇ ಕಾರಣವೆಂದು ನನ್ನ ಅನುಭವ. ಸ್ತ್ರೀಕಥೆಯೆಂಬ ಹೆಸರೂ ಪುರುಷನಾದ ಮುನಿಯನ್ನು ಮುಂದಿಟ್ಟುಕೊಂಡು ಬಂದದ್ದು. ಓದುವ ಹೆಣ್ಣುಮಕ್ಕಳಿಗೆ ಇದನ್ನು ಹೇಳುವಾಗ ರಾಗವನ್ನು ಕೆರಳಿಸುವ ಪರರ ಮಾತು ಎಂದು ಅರ್ಥ ಮಾಡಬೇಕು. ಇಂದು ಮಕ್ಕಳ ಕೈಯಲ್ಲಿರುವ ಮೊಬೈಲಿನಲ್ಲಿ ನಾಲ್ಕು ವಿಕಥೆಗಳೂ ಒಟ್ಟಿಗೆ ಬರುತ್ತವೆ. ಆದರೆ ಮೊಬೈಲು ಬರುವ ಮೊದಲೂ ಅವು ನಮ್ಮ ಅಂಗಡಿಯ ಕಟ್ಟೆಯ ಮೇಲೆ ಇದ್ದೇ ಇದ್ದವು.

ಪ್ರಕರಣದ ಅತ್ಯಂತ ಮಹತ್ವದ ಅಂಶವು ಅದು ಬರುವ ಸ್ಥಾನದಲ್ಲಿದೆ. ಆರನೆಯ ಗುಣಸ್ಥಾನವೆಂದರೆ ಮಹಾವ್ರತಗಳನ್ನು ಧರಿಸಿದ ಮುನಿಯ ಸ್ಥಿತಿ. ಅಂತಹ ಮುನಿಗೂ ಪ್ರಮಾದವುಂಟು. ಆತನು ಆರನೆಯದರಿಂದ ಏಳನೆಯದಾದ ಅಪ್ರಮತ್ತಕ್ಕೆ ಏರುತ್ತಾನೆ, ಅಂತರ್ಮುಹೂರ್ತದೊಳಗೆ ಮತ್ತೆ ಆರಕ್ಕೆ ಇಳಿಯುತ್ತಾನೆ, ಮತ್ತೆ ಏರುತ್ತಾನೆ. ಹೀಗೆ ಏರಿಳಿದರೂ ಆತನ ಮುನಿತ್ವಕ್ಕೆ ಭಂಗವಿಲ್ಲ. ಹಾಗಿದ್ದಮೇಲೆ ಹದಿನೆಂಟರ ಹುಡುಗನ ಗಮನವು ಪುಸ್ತಕದಿಂದ ಜಾರಿದ ಮಾತ್ರಕ್ಕೆ ಅವನನ್ನು ಕೆಲಸಕ್ಕೆ ಬಾರದವನೆಂದು ತಳ್ಳಿಹಾಕಲು ನಮಗೆ ಯಾವ ಅಧಿಕಾರವಿದೆ? ಜಾರಿದ ಮನಸ್ಸನ್ನು ಹಿಂದಕ್ಕೆ ತರುವುದೇ ಅಭ್ಯಾಸ. ಜಾರಿದ್ದಕ್ಕಾಗಿ ತನ್ನನ್ನೇ ಹಳಿದುಕೊಂಡು ಕೂರುವುದು ಮತ್ತೊಂದು ಕಷಾಯಕ್ಕೆ ಎಡೆಮಾಡುತ್ತದೆ.

ಜೀವಕಾಂಡವು ಇಲ್ಲಿ ಸ್ಥಿತಿಯನ್ನು ವಿವರಿಸುತ್ತದೆಯೇ ಹೊರತು ಉಪಾಯವನ್ನು ಹೇಳುವುದಿಲ್ಲ. ಉಪಾಯಕ್ಕಾಗಿ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವನ್ನು ನೋಡಬೇಕು. ಚಿತ್ತವು ಒಂದೇ ವಿಷಯದಲ್ಲಿ ನಿಲ್ಲುವ ಧ್ಯಾನಕ್ಕೆ, ಅದೂ ಉತ್ತಮ ಸಂಹನನವುಳ್ಳವರಿಗೆ, ಅಲ್ಲಿ ಹೇಳಿರುವ ಅವಧಿ ಅಂತರ್ಮುಹೂರ್ತ. ಮುಹೂರ್ತವೆಂದರೆ 48 ನಿಮಿಷ. ಅಂತರ್ಮುಹೂರ್ತವು ಅದಕ್ಕಿಂತ ಕಡಿಮೆ. ಮಕ್ಕಳನ್ನು ಮೂರು ಗಂಟೆ ಎದ್ದೇಳದಂತೆ ಕೂರಿಸುವುದರಿಂದ ಫಲವಿಲ್ಲ. ಸಾಮಾಯಿಕದಂತೆ ಮುಹೂರ್ತದೊಳಗಿನ ಒಂದು ಅವಧಿಯನ್ನು ಗೊತ್ತುಮಾಡಿಕೊಂಡು, ಒಂದೇ ಪಾಠವನ್ನು ಓದಿ, ಎದ್ದು, ಮತ್ತೆ ಕೂರುವುದು ಲೇಸು. ಅದೇ ಅಧ್ಯಾಯದಲ್ಲಿ ಸ್ವಾಧ್ಯಾಯದ ಐದು ಭೇದಗಳನ್ನು ಹೇಳುವಾಗ ವಾಚನೆಯಾದೊಡನೆ ಬರುವುದು ಪೃಚ್ಛನೆ, ಅಂದರೆ ಪ್ರಶ್ನಿಸುವುದು. ಭಯದಿಂದ ಮುಂದೂಡುವವನಿಗೆ ಇದಕ್ಕಿಂತ ಉತ್ತಮವಾದ ಔಷಧವಿಲ್ಲ. ಆದರೆ ಪ್ರಶ್ನಿಸಬೇಕಾದರೆ ಎದುರಿಗೆ ಕೇಳಿಸಿಕೊಳ್ಳುವವರೊಬ್ಬರು ಇರಬೇಕು.

ಬಸದಿಗಳ ಟ್ರಸ್ಟಿನವರಲ್ಲಿಯೂ ನನ್ನದೊಂದು ವಿನಂತಿ ಇದೆ. ನಮ್ಮ ಸಭಾಭವನಗಳು ವರ್ಷದ ಬಹುಪಾಲು ದಿನ ಬೀಗ ಹಾಕಿಕೊಂಡಿರುತ್ತವೆ. ಪರೀಕ್ಷೆಯ ತಿಂಗಳುಗಳಲ್ಲಾದರೂ ಸಂಜೆ ಅವುಗಳನ್ನು ತೆರೆದು, ಒಂದು ಬದಿಯಲ್ಲಿ ಮಕ್ಕಳು ತಮ್ಮ ಪಾಠವನ್ನೂ ಇನ್ನೊಂದು ಬದಿಯಲ್ಲಿ ಹಿರಿಯರು ಶಾಸ್ತ್ರವನ್ನೂ ಓದುವಂತಾಗಲಿ. ಲೆಕ್ಕ, ವಿಜ್ಞಾನ, ಇಂಗ್ಲಿಷ್ ಬಲ್ಲ ನಿವೃತ್ತರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಮಕ್ಕಳ ಪ್ರಶ್ನೆಗಳಿಗೆ ಅವರು ಉತ್ತರಿಸಲಿ.

ನನ್ನ ಮೊಮ್ಮಗಳು ಈಗ ಸಿ.ಎ. ಪರೀಕ್ಷೆಗೆ ಓದುತ್ತಿದ್ದಾಳೆ. ಸಂಜೆ ಏಳರಿಂದ ನಮ್ಮ ಮನೆಯಲ್ಲಿ ಟಿ.ವಿ. ಹಾಕುವುದಿಲ್ಲ. ಅವಳು ತನ್ನ ಪುಸ್ತಕವನ್ನೂ ನಾನು ಜೀವಕಾಂಡವನ್ನೂ ಹಿಡಿದು ಒಂದೇ ಮೇಜಿಗೆ ಕೂರುತ್ತೇವೆ. ಕಾಸ್ಟಿಂಗ್‌ನಲ್ಲಿ ಸಂದೇಹ ಬಂದರೆ ಅವಳು ನನ್ನನ್ನು ಕೇಳುತ್ತಾಳೆ. ನಾನು ಮರೆತಿರುವುದನ್ನು ಅವಳ ಪುಸ್ತಕದಿಂದಲೇ ಮತ್ತೆ ಓದಿಕೊಂಡು ಹೇಳುತ್ತೇನೆ. ಅವಳ ತಂದೆಗೆ ಸಲ್ಲಬೇಕಾಗಿದ್ದ ಬಾಕಿಯನ್ನು ಅವಳ ಮೂಲಕವಾದರೂ ತೀರಿಸುತ್ತಿದ್ದೇನೆಂದು ನನ್ನ ಭಾವನೆ.