ಸೂತ್ರ, ವೃತ್ತಿ, ಪ್ರಯೋಗ

ಹೊಸದಾಗಿ ಲಿನಕ್ಸನ್ನು ಅಭ್ಯಾಸಮಾಡಹೊರಟವರು ಗಣಕದ ಡಿಸ್ಕನ್ನು ಎಷ್ಟು ಭಾಗಗಳಾಗಿ ವಿಂಗಡಿಸಿಕೊಳ್ಳಬೇಕು, ಹಳೆಯ ಕಾರ್ಯಾಚರಣ ವ್ಯವಸ್ಥೆಯನ್ನು ಒಂದು ಮಗ್ಗುಲಲ್ಲಿ ಉಳಿಸಿಕೊಳ್ಳುವುದು ಲೇಸೋ ಸಂಪೂರ್ಣವಾಗಿ ವಿಸರ್ಜಿಸುವುದು ಲೇಸೋ ಎಂಬುದನ್ನು ಈ ವಾರ ವಿಚಾರಮಾಡುವುದಾಗಿ ಹೋದ ವಾರ ಮಾತುಕೊಟ್ಟಿದ್ದೆ. ಆ ಮಾತನ್ನು ಸಂಕ್ಷೇಪವಾಗಿ ಸಲ್ಲಿಸಿಬಿಡುತ್ತೇನೆ. ಲಿನಕ್ಸಿನ ವಿತರಣೆಗಳಲ್ಲೊಂದಾದ ಡೆಬಿಯನ್ನಿನ ಲೈವ್ ಪ್ರತಿಯೊಂದನ್ನು ಪೆನ್ ಡ್ರೈವಿಗೆ ಬರೆದುಕೊಂಡು, ಅದರಿಂದಲೇ ಗಣಕವನ್ನು ಎಬ್ಬಿಸಿ, ಡಿಸ್ಕನ್ನು ಮುಟ್ಟದೆಯೇ ಪರದೆ, ಧ್ವನಿ, ವೈಫೈ ಇವೆಲ್ಲ ಸರಿಯಾಗಿ ನಡೆಯುವುವೇ ಎಂದು ನೋಡಿಕೊಳ್ಳಿರಿ. ಯಂತ್ರ ಹಳೆಯದಾದರೆ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪನ್ನು ಆರಿಸಿರಿ. ತೀರ ಹಳೆಯ ೩೨ ಬಿಟ್ಟಿನ ಯಂತ್ರವಾದರೆ, ೨೦೨೫ರ ಆಗಸ್ಟಿನಲ್ಲಿ ಹೊರಬಂದ ಟ್ರಿಕ್ಸಿ ಎಂಬ ಆವೃತ್ತಿಯನ್ನು ಅದರಲ್ಲಿ ಸ್ಥಾಪಿಸಲಾಗದೆಂಬುದು ನೆನಪಿರಲಿ. ನಿಮ್ಮ ಕಡತಗಳ ಇನ್ನೊಂದು ಪ್ರತಿ ಬೇರೊಂದು ಡಿಸ್ಕಿನಲ್ಲಿ ಭದ್ರವಾಗಿದ್ದರೆ, ವಿಭಜನೆಯ ವಿಷಯದಲ್ಲಿ ಸ್ಥಾಪಕವು ತಾನಾಗಿ ಸೂಚಿಸುವ ಕ್ರಮವನ್ನೇ ಒಪ್ಪಿಕೊಳ್ಳಬಹುದು. ಇದು ಒಂದು ಗಳಿಗೆಯ ಕಾರ್ಯ. ಕಠಿನವಾದದ್ದು ಮರುದಿನದ ಬೆಳಗು.

ನನ್ನ ಮನಸ್ಸು ಆ ಬೆಳಗಿನ ಕಡೆಗೆ ಹರಿಯಲು ಕಾರಣರಾದವರು ನಮ್ಮ ಬೀದಿಯಲ್ಲಿ ವಾಸವಾಗಿರುವ ಒಬ್ಬ ವಿಶ್ರಾಂತ ಕನ್ನಡ ಪಂಡಿತರು. ಮೂವತ್ತು ವರ್ಷಕಾಲ ಪ್ರೌಢಶಾಲೆಯ ಮಕ್ಕಳಿಗೆ ವ್ಯಾಕರಣವನ್ನು ಬೋಧಿಸಿದ ಇವರ ಕೈಗೆ, ಮಗ ಬಳಸಿಬಿಟ್ಟ ಹಳೆಯ ಲ್ಯಾಪ್‌ಟಾಪೊಂದು ಬಂದಿತು. ಅದರಲ್ಲಿ ಡೆಬಿಯನ್ನನ್ನು ನಾನು ಸ್ಥಾಪಿಸಿಕೊಟ್ಟೆ. ಅವರ ಮೊದಲನೆಯ ಆತಂಕ ಕನ್ನಡದ್ದು. ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಇನ್ನೊಂದು ಕೀಲಿವಿನ್ಯಾಸವನ್ನು ಕಲಿಯುವುದೆಂದರೆ ಮತ್ತೆ ಅಕ್ಷರಾಭ್ಯಾಸಕ್ಕೆ ಕುಳಿತಂತೆಯೇ. ಆದರೆ ನುಡಿಗೆ ಆಧಾರವಾದ, ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವೇ, ಲಿನಕ್ಸಿನಲ್ಲಿ ಕೀಲಿವಿನ್ಯಾಸಗಳನ್ನು ಒದಗಿಸುವ ಐಬಸ್ಸಿನಲ್ಲಿ ಕೆಜಿಪಿ ಎಂಬ ಹೆಸರಿನಿಂದ ಇರುವುದನ್ನೂ, ಡೆಬಿಯನ್ನಿನ ಭಂಡಾರದಲ್ಲಿ ಗುಬ್ಬಿ, ನವಿಲು ಎಂಬ ಎರಡು ಕನ್ನಡ ಫಾಂಟುಗಳು ಕಾದಿರುವುದನ್ನೂ, ಅವುಗಳಲ್ಲಿ ನವಿಲು ಕೈಬರಹದ ಮಾದರಿಯದೆಂಬುದನ್ನೂ ಕಂಡು ಅವರ ಮುಖ ಅರಳಿತು. ಆಮೇಲೆ, ಉಪಾಧ್ಯಾಯರಾಗಿದ್ದವರು ಕೇಳತಕ್ಕ ಪ್ರಶ್ನೆಯನ್ನೇ ಕೇಳಿದರು: ಈ ವಿದ್ಯೆಗೆ ಪಠ್ಯ ಯಾವುದು?

ನಾನು ಟರ್ಮಿನಲ್ಲನ್ನು ತೆರೆದು, ಮ್ಯಾನ್ ಸಿಪಿ ಎಂದು ಬರೆದು, ಎಂಟರ್ ಕೀಲಿಯನ್ನೊತ್ತಿ, ಕಾಫಿಗೆ ಹೇಳಿಬರಲೆಂದು ಒಳಗೆ ಹೋದೆ. ಮರಳಿ ಬರುವ ವೇಳೆಗೆ ಅವರು ಕನ್ನಡಕವನ್ನು ಹಣೆಗೇರಿಸಿ ಪರದೆಯ ಸಮೀಪದಲ್ಲಿ ಮುಖವಿಟ್ಟು ಕುಳಿತಿದ್ದರು. ‘ಇದು ಸಂಜ್ಞೆ, ಇದು ಸೂತ್ರ, ಇಲ್ಲಿಂದ ಮುಂದಕ್ಕೆ ವೃತ್ತಿ’ ಎಂದು ಬೆರಳಿನಿಂದ ಮೂರು ಸ್ಥಾನಗಳನ್ನು ತೋರಿಸಿದರು. ಎಷ್ಟೋ ವರ್ಷಗಳಿಂದ ನಿತ್ಯವೂ ನೋಡುತ್ತಿದ್ದ ಆ ಪುಟವನ್ನು ನಾನು ಆ ಕ್ಷಣದವರೆಗೆ ನೋಡಿಯೇ ಇರಲಿಲ್ಲವೆಂದು ನನಗೆ ತೋರಿತು.

ಸಿಪಿ ಎಂಬುದು ಕಡತವನ್ನು ನಕಲುಮಾಡುವ ಆಜ್ಞೆಯೆಂಬುದು ಈ ಅಂಕಣದ ಓದುಗರಿಗೆ ತಿಳಿದ ಸಂಗತಿ. ಅದರ ಕೈಪಿಡಿಯ ಪುಟದ ತಲೆಯಲ್ಲಿ ಹೆಸರೂ ಒಂದು ಪಂಕ್ತಿಯ ಪರಿಚಯವೂ ಇರುತ್ತವೆ. ಅದರ ಕೆಳಗೆ ಸಾರಾಂಶವೆಂಬ ತಲೆಬರಹದಡಿಯಲ್ಲಿ ಮೂರೇ ಪಂಕ್ತಿಗಳು. ಒಂದು ಕಡತವನ್ನು ಇನ್ನೊಂದು ಹೆಸರಿಗೆ ನಕಲಿಸುವುದು ಮೊದಲನೆಯದು; ಅನೇಕ ಕಡತಗಳನ್ನು ಒಂದು ಕೋಶದೊಳಕ್ಕೆ ನಕಲಿಸುವುದು ಎರಡನೆಯದು; ಕೋಶದ ಹೆಸರನ್ನೇ ಮುಂದಾಗಿ ಹೇಳಿ ಕಡತಗಳನ್ನು ಅನಂತರ ಹೇಳುವುದು ಮೂರನೆಯದು. ಚೌಕ ಆವರಣದೊಳಗೆ ಇರುವುದನ್ನು ಹೇಳಿದರೂ ಸರಿ, ಬಿಟ್ಟರೂ ಸರಿ; ಪಂಡಿತರು ಅದನ್ನು ‘ವಿಕಲ್ಪ’ ಎಂದು ಕರೆದರು, ವ್ಯಾಕರಣದಲ್ಲಿ ಐಚ್ಛಿಕವಾದ ವಿಧಿಗೆ ಆ ಹೆಸರೇ ಇರುವುದರಿಂದ. ಮೂರು ಚುಕ್ಕೆಗಳು ಬಂದರೆ ಹಿಂದಿನದು ಎಷ್ಟು ಸಲವಾದರೂ ಆವರ್ತಿಸಬಹುದು. ದೊಡ್ಡಕ್ಷರದಲ್ಲಿರುವ ಮೂಲ, ಗಮ್ಯ ಎಂಬರ್ಥದ ಶಬ್ದಗಳನ್ನು ಇದ್ದಂತೆಯೇ ಬರೆಯತಕ್ಕದ್ದಲ್ಲ, ಅವುಗಳ ಸ್ಥಾನದಲ್ಲಿ ನಮ್ಮ ಕಡತಗಳ ಹೆಸರನ್ನಿಡಬೇಕು ಎಂದು ನಾನು ವಿವರಿಸಹೊರಟಾಗ ಅವರು ನನ್ನನ್ನು ತಡೆದು, ‘ಮಳೆ, ಕಾಲ, ಮಳೆಗಾಲ, ಕಕಾರ ಸ್ಥಾನಿ, ಗಕಾರ ಆದೇಶ, ಇಷ್ಟೇ ಅಲ್ಲವೇ?’ ಎಂದರು. ಅಷ್ಟೇ. ಹೊಸಬರಿಗೆ ಇದನ್ನು ತಿಳಿಯಹೇಳಲು ನಾನು ಹಿಂದೆ ಅರ್ಧ ಘಂಟೆಯನ್ನು ವ್ಯಯಮಾಡಿ ವಿಫಲನಾಗಿದ್ದುಂಟು.

ಅವರ ಮನಸ್ಸಿನಲ್ಲಿದ್ದುದು ಕೇಶಿರಾಜನ ಶಬ್ದಮಣಿದರ್ಪಣ. ಹದಿಮೂರನೆಯ ಶತಮಾನದ ಆ ಗ್ರಂಥದಲ್ಲಿ ಸೂತ್ರವು ಕಂದಪದ್ಯದಲ್ಲಿಯೂ, ಅದರ ಅರ್ಥವನ್ನು ಬಿಡಿಸುವ ವೃತ್ತಿಯು ಗದ್ಯದಲ್ಲಿಯೂ ಇದ್ದು, ಅವುಗಳ ಹಿಂದೆಯೇ ಪೂರ್ವಕವಿಗಳಿಂದ ಆಯ್ದ ಪ್ರಯೋಗಗಳು ಬರುತ್ತವೆ. ಸಂಧಿಯಿಂದ ಹಿಡಿದು ಅವ್ಯಯದವರೆಗೆ ಅದಕ್ಕೆ ಎಂಟು ಪ್ರಕರಣಗಳು. ಲಿನಕ್ಸಿನ ಕೈಪಿಡಿಗೂ ಮುಖ್ಯವಾದ ವಿಭಾಗಗಳು ಎಂಟೇ. ಸಂಖ್ಯಾಸಾಮ್ಯ ಆಕಸ್ಮಿಕ, ಆದರೆ ವಿಭಾಗದ ಪ್ರಯೋಜನವು ಎರಡರಲ್ಲಿಯೂ ಒಂದೇ ಬಗೆಯದು. ಪಾಸ್‌ಡಬ್ಲ್ಯೂಡಿ ಎಂಬ ಶಬ್ದವು ಒಂದನೆಯ ವಿಭಾಗದಲ್ಲಿ ಗುಪ್ತಪದವನ್ನು ಬದಲಾಯಿಸುವ ಆಜ್ಞೆಯಾಗಿಯೂ, ಐದನೆಯದರಲ್ಲಿ ಬಳಕೆದಾರರ ವಿವರಗಳಿರುವ ಕಡತದ ಲಕ್ಷಣವಾಗಿಯೂ ಕಾಣಿಸಿಕೊಳ್ಳುತ್ತದೆ. ಪ್ರಕರಣವನ್ನರಿಯದೆ ಶಬ್ದದ ಅರ್ಥವನ್ನು ನಿರ್ಣಯಿಸಲಾಗದು. ಮ್ಯಾನ್ ಎಂಬ ಆಜ್ಞೆಯ ಮುಂದೆ ಐದೆಂಬ ಅಂಕಿಯನ್ನಿಟ್ಟು ಆ ಶಬ್ದವನ್ನು ಕೇಳಿದರೆ ಎರಡನೆಯದು ದೊರೆಯುವುದು. ಶಬ್ದವೇ ತಿಳಿಯದೆ ವಿಷಯ ಮಾತ್ರ ತಿಳಿದಿದ್ದರೆ ಅಪ್ರೊಪೊ ಎಂಬ ಇನ್ನೊಂದು ಆಜ್ಞೆಯುಂಟು. ಓದಿ ಮುಗಿದಮೇಲೆ ಕ್ಯೂ ಎಂಬ ಅಕ್ಷರವನ್ನೊತ್ತಿದರೆ ಪುಟ ಮುಚ್ಚಿಕೊಳ್ಳುವುದು. ಆರಂಭಕ್ಕೆ ಇಷ್ಟು ಸಾಮಗ್ರಿ ಸಾಕು.

ಈ ಪುಟಗಳನ್ನು ಹೊಸಬರಿಂದ ದೂರವಿಟ್ಟವರು ಇಬ್ಬರು. ಇಬ್ಬರ ಮೇಲೂ ನನಗೆ ಬಹುಕಾಲದ ವ್ಯಾಜ್ಯವಿದೆ. ಕರಿಯ ಪರದೆಯನ್ನು ಕಂಡೊಡನೆ ನವಾಭ್ಯಾಸಿಯು ಹೆದರಿ ಓಡಿಹೋಗುವನೆಂದು ಭಾವಿಸಿ ಅದನ್ನು ಅವನ ಕಣ್ಣಿಗೆ ಬೀಳದಂತೆ ಮರೆಮಾಡುವವರು ಒಂದು ಪಂಥದವರು. ಆದರೆ ಯಂತ್ರವು ಮೊದಲ ಸಲ ಮೊಂಡುಹಿಡಿದ ದಿನ ಇವರೇ, ಎಲ್ಲಿಂದಲೋ ತಂದ ಉದ್ದನೆಯ ಪಂಕ್ತಿಯೊಂದನ್ನು ಅವನ ಮುಂದಿಟ್ಟು, ಅರ್ಥವನ್ನು ಕೇಳಬೇಡ, ಅಂಟಿಸಿ ಎಂಟರನ್ನೊತ್ತು ಎಂದು ಉಪದೇಶಿಸುತ್ತಾರೆ. ಆ ಪಂಕ್ತಿಯ ಮೊದಲ ಶಬ್ದ ಸುಡೋ ಆಗಿದ್ದರೆ, ಗಣಕದ ಸರ್ವಾಧಿಕಾರವನ್ನು ಅರಿಯದ ಮಾತಿನ ವಶಕ್ಕೆ ಒಪ್ಪಿಸಿದಂತಾಯಿತೆಂಬುದನ್ನು ಅವರು ಹೇಳುವುದಿಲ್ಲ. ಅರ್ಥವರಿಯದೆ ಮಂತ್ರವನ್ನು ಉಚ್ಚರಿಸುವವನಿಗೆ ಸ್ವರವೊಂದು ತಪ್ಪಿದರೂ ಗೊತ್ತಾಗದು; ಇಲ್ಲಿಯೂ ಒಂದು ಅವಕಾಶಚಿಹ್ನೆ ಹೆಚ್ಚಾದರೆ ಸಾಕು, ಅಳಿಸಬಾರದ ಕೋಶವೇ ಅಳಿಸಿಹೋಗಬಹುದು.

ಎರಡನೆಯ ಪಂಥದವರ ಅಪರಾಧವನ್ನು ನಾನು ಇನ್ನೂ ಗುರುತರವೆಂದು ಎಣಿಸುತ್ತೇನೆ, ಅವರು ನಮ್ಮವರೇ ಆದ ಕಾರಣ. ಸಂಕೋಚದಿಂದ ಬಂದು ಪ್ರಶ್ನೆಯೊಂದನ್ನು ಕೇಳಿದವನಿಗೆ, ಕೈಪಿಡಿಯನ್ನೋದಿಕೊ ಹೋಗು ಎಂದು ಗದರಿ ಕಳುಹಿಸುವುದನ್ನು ಇವರು ಪಾಂಡಿತ್ಯದ ಲಕ್ಷಣವೆಂದು ಬಗೆದರು. ಪುಸ್ತಕವನ್ನು ಕಲ್ಲಿನಂತೆ ಬೀಸಿ ಎಸೆದರೆ, ಪೆಟ್ಟುತಿಂದವನು ಆ ಪುಸ್ತಕವನ್ನು ಪ್ರೀತಿಯಿಂದ ತೆರೆಯುವುದೆಂತು? ಪಕ್ಕದಲ್ಲಿ ಕುಳಿತು, ಒಂದು ಪುಟವನ್ನು ಜೊತೆಯಲ್ಲಿ ಓದಿ, ಆವರಣವಿದು, ಚುಕ್ಕೆಯಿದು ಎಂದು ಒಂದು ಸಲ ತೋರಿಸಿಕೊಟ್ಟಿದ್ದರೆ ಉಳಿದ ಪುಟಗಳನ್ನು ಅವನು ತಾನೇ ಓದಿಕೊಳ್ಳುತ್ತಿದ್ದನು. ವರ್ಷಗಟ್ಟಲೆ ನಡೆದ ಈ ಅನಾದರದಿಂದ, ಅತ್ಯುತ್ತಮವಾದ ಒಂದು ಶಾಸ್ತ್ರಸಾಹಿತ್ಯವು ಬೈಗುಳದ ಭಾಗವಾಗಿ ಪರಿಣಮಿಸಿತು.

ಇವರೆಲ್ಲ ಮೂಲವನ್ನು ಮರೆತಿದ್ದಾರೆ. ಲಿನಕ್ಸು ೧೯೯೧ರಲ್ಲಿ ಲೀನಸ್ ಟೋರ್ವಾಲ್ಡ್ಸರಿಂದ ಹೊಸದಾಗಿ ರಚಿತವಾದದ್ದೇ ಆದರೂ, ಈ ಪುಟಗಳ ರೂಪ ಯೂನಿಕ್ಸಿನಿಂದ ಬಂದ ಪಿತ್ರಾರ್ಜಿತ. ೧೯೬೯ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಮೊಳೆತ ಆ ವ್ಯವಸ್ಥೆಗೆ, ಅದನ್ನು ಕಟ್ಟಿದವರ ಗುಂಪಿನ ಹೊರಗಿನಿಂದ ಬಂದ ಮೊತ್ತಮೊದಲ ಬಳಕೆದಾರರು ಯಾರು? ಗಣಿತಜ್ಞರಲ್ಲ, ಎಂಜಿನಿಯರುಗಳೂ ಅಲ್ಲ. ಅದೇ ಸಂಸ್ಥೆಯ ಪೇಟೆಂಟ್ ವಿಭಾಗದ ಮೂವರು ಬೆರಳಚ್ಚುಗಾರರು. ೧೯೭೧ರ ಉತ್ತರಾರ್ಧದಲ್ಲಿ ಅವರು ಪಿಡಿಪಿ-೧೧ ಎಂಬ ಯಂತ್ರದ ಮುಂದೆ ಕುಳಿತು ದಿನವೆಲ್ಲ ಪೇಟೆಂಟ್ ಅರ್ಜಿಗಳನ್ನು ಅಚ್ಚುಕಟ್ಟಾಗಿ ಸಿದ್ಧಪಡಿಸುತ್ತಿದ್ದರು. ಆ ಯಂತ್ರದ ಸ್ಮೃತಿ ಒಟ್ಟು ೨೪ ಕಿಲೋಬೈಟು. ಅದರಲ್ಲಿ ೧೬ ವ್ಯವಸ್ಥೆಗೇ ವಿನಿಯೋಗವಾಗಿ, ಬಳಕೆದಾರರ ಕಾರ್ಯಕ್ರಮಗಳಿಗೆ ಉಳಿದದ್ದು ೮. ಡಿಸ್ಕು ೫೧೨ ಕಿಲೋಬೈಟು. ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಇವರ ಕೈಯಿಂದ ಹೊರಟ ಯೂನಿಕ್ಸಿನ ಪ್ರಥಮ ಕೈಪಿಡಿಯ ದಿನಾಂಕವೂ ಆ ವರ್ಷದ್ದೇ, ನವೆಂಬರ್ ೩. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ನವಾಭ್ಯಾಸಿಯು ಈ ವ್ಯವಸ್ಥೆಯ ಮನೆಗೆ ತಡವಾಗಿ ಬಂದ ಅತಿಥಿಯಲ್ಲ, ಗೃಹಪ್ರವೇಶದ ದಿನದಿಂದಲೇ ಅಲ್ಲಿದ್ದವನು ಎಂದು ನನಗೆ ನಿಶ್ಚಯವಾಗುತ್ತದೆ.

ಆ ಪ್ರಥಮ ಕೈಪಿಡಿಯಲ್ಲಿಯೇ ದೋಷಗಳೆಂಬ ತಲೆಬರಹವೂ ಉಂಟು, ಒಡೆಯರೆಂಬ ತಲೆಬರಹವೂ ಉಂಟು. ಇದರಲ್ಲಿ ಇಂಥ ಕುಂದಿದೆ, ಇದಕ್ಕೆ ಇಂಥವರು ಹೊಣೆ ಎಂದು ಪುಟವು ತಾನಾಗಿಯೇ ನುಡಿಯುತ್ತಿತ್ತು. ಒಡೆಯರ ಹೆಸರು ಮುಂದೆ ಕರ್ತೃಗಳ ಹೆಸರಾಯಿತು. ದೋಷಗಳ ಭಾಗ ಅನೇಕ ಪುಟಗಳಲ್ಲಿ ಇಂದಿಗೂ ಉಳಿದಿದೆ. ಡೆಬಿಯನ್ನಿನಲ್ಲಿ ನಾವು ಬರೆದ ಆಜ್ಞೆಗಳನ್ನೆಲ್ಲ ಸ್ವೀಕರಿಸುವ ಬ್ಯಾಶ್ ಎಂಬ ಕಾರ್ಯಕ್ರಮವು, ತನ್ನ ಸುದೀರ್ಘವಾದ ಪುಟದ ಅಂತ್ಯಭಾಗದಲ್ಲಿ, ತನ್ನ ಗಾತ್ರ ಅತಿಯಾಯಿತೆಂದೂ ವೇಗ ಸಾಲದೆಂದೂ ಒಪ್ಪಿಕೊಳ್ಳುವುದನ್ನು ಓದಿದಾಗ ನನಗೆ ಅದರ ಮೇಲೆ ಗೌರವವು ಇಮ್ಮಡಿಸಿತು. ಹಣತೆತ್ತು ಕೊಂಡ ಯಾವ ವಸ್ತುವಿನ ಪೆಟ್ಟಿಗೆಯ ಮೇಲೆ ಇಂತಹ ಮಾತನ್ನು ಕಂಡಿದ್ದೇವೆ? ಡೆಬಿಯನ್ನಿನವರಂತೂ, ಕಾರ್ಯಕ್ರಮವೊಂದಕ್ಕೆ ಕೈಪಿಡಿಯ ಪುಟವಿಲ್ಲದಿದ್ದರೆ ಅದನ್ನೇ ಒಂದು ದೋಷವೆಂದು ತಮ್ಮ ನಿಯಮಾವಳಿಯಲ್ಲಿ ಪರಿಗಣಿಸಿದ್ದಾರೆ. ಅನ್ಯ ವಿತರಣೆಗಳ ಅಭಿಮಾನಿಗಳು ಎಷ್ಟೇ ವಾದಿಸಿದರೂ ನಾನು ಹೊಸಬರಿಗೆ ಡೆಬಿಯನ್ನನ್ನೇ ಸೂಚಿಸುತ್ತಿರುವುದಕ್ಕೆ ಈ ಒಂದು ನಿಯಮವೇ ಮುಖ್ಯ ಹೇತು.

ಪಂಡಿತರ ಆಕ್ಷೇಪಣೆಯನ್ನೂ ಮುಚ್ಚಿಡುವುದು ನ್ಯಾಯವಲ್ಲ. ಸಿಪಿಯ ಪುಟವನ್ನು ಕೊನೆಯವರೆಗೆ ಓದಿ, ‘ಪ್ರಯೋಗವೆಲ್ಲಿ?’ ಎಂದು ಕೇಳಿದರು. ಆ ಪುಟದಲ್ಲಿ ಒಂದು ಉದಾಹರಣೆಯೂ ಇಲ್ಲ. ಕೇಶಿರಾಜನು ಸೂತ್ರವನ್ನೂ ವೃತ್ತಿಯನ್ನೂ ಕೊಟ್ಟು ಪ್ರಯೋಗವನ್ನು ಬಿಟ್ಟಿದ್ದರೆ ಅವನ ಗ್ರಂಥವನ್ನು ಯಾರು ಓದುತ್ತಿದ್ದರು ಎಂಬ ಅವರ ಪ್ರಶ್ನೆಗೆ ನನ್ನಲ್ಲಿ ಸಮಾಧಾನವಿರಲಿಲ್ಲ. ಇನ್ನೊಂದು ಕೊರತೆ ಭಾಷೆಯದು. ಜರ್ಮನ್, ಫ್ರೆಂಚ್, ಜಪಾನೀ ಭಾಷೆಗಳನ್ನಾಡುವವರು ಈ ಪುಟಗಳಲ್ಲಿ ಬಹಳಷ್ಟನ್ನು ತಮ್ಮ ನುಡಿಗೆ ತಂದುಕೊಂಡಿದ್ದಾರೆ; ಸೂತ್ರ, ವೃತ್ತಿಗಳ ಪರಂಪರೆಯಲ್ಲಿ ಹುಟ್ಟಿಬೆಳೆದ ನಾವು ಆ ಕಾರ್ಯಕ್ಕೆ ಇನ್ನೂ ಕೈಹಚ್ಚಬೇಕಾಗಿದೆ.

ಪಂಡಿತರು ಕೈಹಚ್ಚಿದ್ದಾರೆ. ಮರುದಿನವೇ ಎರಡು ನೂರು ಪುಟದ ನೋಟುಪುಸ್ತಕವೊಂದನ್ನು ಕೊಂಡುತಂದು, ಎಡಪುಟದಲ್ಲಿ ಸಿಪಿಯ ಸೂತ್ರಗಳನ್ನೂ ಬಲಪುಟದಲ್ಲಿ ಕನ್ನಡದ ವೃತ್ತಿಯನ್ನೂ ಬರೆದು, ಅದರ ಕೆಳಗೆ ತಮ್ಮದೇ ಪ್ರಯೋಗಗಳನ್ನು ಸೇರಿಸಿದ್ದಾರೆ: ಸಂಧಿಪಾಠವೆಂಬ ಕಡತವನ್ನು ಹಳೆಯಪಾಠಗಳೆಂಬ ಕೋಶದೊಳಕ್ಕೆ ನಕಲಿಸಿದ್ದು, ಆ ಹೆಸರಿನ ಕಡತವು ಅಲ್ಲಿ ಮೊದಲೇ ಇದ್ದರೆ ಅದರ ಮೇಲೆಯೇ ಬರೆದುಹೋಗುವುದೆಂದು ಕಂಡುಕೊಂಡದ್ದು, ಐ ಎಂಬ ವಿಕಲ್ಪವನ್ನು ಸೇರಿಸಿದಾಗ ಯಂತ್ರವು ಮೊದಲು ಅನುಮತಿಯನ್ನು ಕೇಳಿದ್ದು. ಕಡತಗಳ ಹೆಸರುಗಳೆಲ್ಲ ಕನ್ನಡ ಲಿಪಿಯಲ್ಲಿಯೇ ಇವೆ. ಯಂತ್ರವು ಅವನ್ನು ತಡೆಯಿಲ್ಲದೆ ಅಂಗೀಕರಿಸಿದೆ.

ನಿನ್ನೆ ಸಂಜೆ ಆ ಪುಸ್ತಕವನ್ನು ಹಿಡಿದುಕೊಂಡೇ ಬಂದಿದ್ದರು. ಆರ್‌ಎಂ ಎಂಬುದಕ್ಕೆ ‘ಲೋಪ’ವೆಂದೂ, ಇಲ್ಲದ ಕಡತವನ್ನು ಬರಿದಾಗಿ ತಂದಿಡುವ ಟಚ್ ಎಂಬುದಕ್ಕೆ ‘ಆಗಮ’ವೆಂದೂ ಹೆಸರಿಟ್ಟಿದ್ದಾರೆ, ಆದೇಶವು ಮೊದಲನೆಯ ದಿನವೇ ದೊರೆತಿತ್ತು. ಲೋಪದ ಪುಟದಲ್ಲಿ, ಹೀಗೆ ಅಳಿಸಿದ್ದು ಕಸದ ಬುಟ್ಟಿಗೆ ಹೋಗದೆ ನೇರವಾಗಿ ಹೋಗಿಬಿಡುವುದೆಂಬ ಎಚ್ಚರಿಕೆಯನ್ನು ಕೆಂಪು ಮಸಿಯಲ್ಲಿ ಬರೆದಿದ್ದರು. ಎಲ್ಲವನ್ನೂ ತೋರಿಸಿಯಾದ ಮೇಲೆ, ಸಂಧಿಕಾರ್ಯವೇ ಇಲ್ಲದೆ ಶಬ್ದಗಳು ಇದ್ದಂತೆಯೇ ಉಳಿಯುವ ಪ್ರಕೃತಿಭಾವಕ್ಕೆ ಹೊಂದುವ ಆಜ್ಞೆ ನಿಮ್ಮಲ್ಲಿ ಉಂಟೋ ಎಂದು ಕೇಳಿದರು. ನಾನು ಸ್ವಲ್ಪ ಹೊತ್ತು ಆಲೋಚಿಸಿ, ಏನನ್ನೂ ಮಾಡದೆ ಸಫಲವಾಗಿ ಮುಗಿಯುವ ಟ್ರೂ ಎಂಬ ಆಜ್ಞೆಯ ಪುಟವನ್ನು ತೆರೆದುಕೊಟ್ಟೆ. ಅವರು ಕನ್ನಡಕವನ್ನು ಹಣೆಗೇರಿಸಿ, ಪರದೆಯ ಸಮೀಪಕ್ಕೆ ಬಾಗಿದರು.