ಕಾಯಬಲ್ಲವರ ಚೌಕಾಶಿ

ಯಂತ್ರಕ್ಕೆ ಚೌಕಾಶಿ ಕಲಿಸಲು ಹೊರಟ ಅನೇಕರು ಇವತ್ತಿಗೂ 1998ರ ಒಂದು ಪ್ರಬಂಧಕ್ಕೆ ಮರಳುತ್ತಾರೆ. ಬರೆದವರು ಫರಾತಿನ್, ಸಿಯೆರಾ ಮತ್ತು ಜೆನ್ನಿಂಗ್ಸ್. ಮಾರುವವರ ಪರವಾಗಿ ಒಂದು ತಂತ್ರಾಂಶ, ಕೊಳ್ಳುವವರ ಪರವಾಗಿ ಇನ್ನೊಂದು. ಸುತ್ತಿನಿಂದ ಸುತ್ತಿಗೆ ಎಷ್ಟು ಸಡಿಲಿಸಬೇಕು ಎಂಬುದನ್ನು ಅವು ಉಳಿದಿರುವ ಸಮಯ, ಕೈಯಲ್ಲಿರುವ ಸಂಪನ್ಮೂಲ ಅಥವಾ ಎದುರಾಳಿಯ ನಡೆ ನೋಡಿ ತೀರ್ಮಾನಿಸುತ್ತವೆ. ಗಣಿತ ಸೊಗಸಾಗಿದೆ. ಆದರೆ ಅದನ್ನು ಕಲಘಟಗಿ ತಾಲೂಕಿನ ತಂಬೂರದ ಗೋವಿನಜೋಳದ ರಾಶಿಯ ಮುಂದಿಟ್ಟು ಒರೆಗೆ ಹಚ್ಚದೆ ಮೆಚ್ಚಲು ನನಗೆ ಮನಸ್ಸಿಲ್ಲ.

ರೈತನ ಪರವಾದ ತಂತ್ರಾಂಶ ಕ್ವಿಂಟಲ್‌ಗೆ 2,400 ರೂಪಾಯಿ ಕೇಳಿ ಶುರು ಮಾಡುತ್ತದೆ ಎನ್ನೋಣ. ಅದು 2025–26ರ ಬೆಂಬಲ ಬೆಲೆ. 1,900ಕ್ಕಿಂತ ಕೆಳಗೆ ಇಳಿಯಬಾರದೆಂದು ಅದಕ್ಕೆ ಹೇಳಿದ್ದೇವೆ. ಸಮಯ ಕಳೆದಂತೆ ಎಷ್ಟು ಬಿಡಬೇಕೆಂದು ಹೇಳುವ ಸೂತ್ರದ ಘಾತ 5 ಇದ್ದರೆ ಅರ್ಧ ಸಮಯ ಕಳೆದರೂ ಅದು ಬಿಡುವುದು ಬರೀ 16 ರೂಪಾಯಿ. ಹತ್ತರಲ್ಲಿ ಒಂಬತ್ತು ಪಾಲು ಸಮಯ ಮುಗಿದಾಗ 295. ಘಾತವನ್ನು ಐದನೇ ಒಂದಕ್ಕೆ ಇಳಿಸಿದರೆ ಮೊದಲ ಹತ್ತನೇ ಪಾಲಿನಲ್ಲೇ 315 ರೂಪಾಯಿ ಕೈಬಿಟ್ಟಿರುತ್ತದೆ. ಹಟ ಹಿಡಿಯುವ ಮೊದಲನೆಯದಕ್ಕೆ ಜನರಲ್ ಎಲೆಕ್ಟ್ರಿಕ್‌ನ ಲೆಮ್ಯುಯೆಲ್ ಬೌಲ್ವೇರ್ ಹೆಸರಿದೆ. ಕಾರ್ಮಿಕ ಸಂಘದ ಮುಂದೆ ಒಂದೇ ದರ ಇಟ್ಟು ಅಲುಗದೆ ಕೂರುತ್ತಿದ್ದ ಆಡಳಿತಗಾರ ಆತ. ಹಾಗೆ ಕೂರಲು ಆತನ ಬೆನ್ನಿಗೆ ಒಂದು ದೊಡ್ಡ ಕಂಪನಿಯೇ ಇತ್ತು.

ನನ್ನ ತಕರಾರು ಇಲ್ಲೇ ಇದೆ. ಸೂತ್ರದಲ್ಲಿ ಗಡುವು ಒಂದು ಸಂಖ್ಯೆ ಮಾತ್ರ, ತುಂಬಿಸಿದರೆ ಸಾಕು. ರೈತನ ಗಡುವನ್ನು ಟ್ರ್ಯಾಕ್ಟರ್ ಬಾಡಿಗೆ, ಮೋಡ ಕಟ್ಟಿದ ಆಕಾಶ, ಕಾಳಿನ ಹಸಿ, ಬಿತ್ತುವಾಗ ತಂದ ಸಾಲ ಇವೆಲ್ಲ ಸೇರಿ ಬರೆಯುತ್ತವೆ. ವ್ಯಾಪಾರಿಗೆ ಇವತ್ತಿನ ಮಾಲು ತಪ್ಪಿದರೆ ನಾಳೆಯದು ಬರುತ್ತದೆ. ಇಬ್ಬರಿಗೂ ಅಷ್ಟೇ ಜಾಣ ತಂತ್ರಾಂಶ ಕೊಟ್ಟರೂ ಗೆಲ್ಲುವುದು ಕಾಯಬಲ್ಲವನೇ. ರೈತನ ಅವಸರ ತಂತ್ರಾಂಶದ ನಡೆಯಲ್ಲೇ ಬಯಲಾಗುತ್ತದೆ.

ನಮ್ಮ ಮಾರುಕಟ್ಟೆಗಳಲ್ಲಿ ಸದ್ಯ ಇಂಥ ಮಾತುಕತೆಯಿಲ್ಲ, ಮುಚ್ಚಿದ ಟೆಂಡರ್ ಇದೆ. 2014ರಲ್ಲಿ ಆರಂಭವಾದ ಕರ್ನಾಟಕದ ಏಕೀಕೃತ ಮಾರುಕಟ್ಟೆ ವೇದಿಕೆಯಲ್ಲಿ ಪ್ರತಿ ರಾಶಿಗೂ ಲಾಟ್ ನಂಬರ್ ಬೀಳುತ್ತದೆ. ವ್ಯಾಪಾರಿ ಕಾಳನ್ನು ಅಂಗೈಯಲ್ಲಿ ಹಿಡಿದು ನೋಡಿ, ಕಂಪ್ಯೂಟರಿನಲ್ಲಿ ತನ್ನ ದರ ಹಾಕುತ್ತಾನೆ. ಪಕ್ಕದವನು ಎಷ್ಟು ಹಾಕಿದ ಎಂಬುದು ಅವನಿಗೆ ಕಾಣದು. ಹೆಚ್ಚು ದರದವನಿಗೆ ಮಾಲು. ದರ ಒಪ್ಪುವ, ಬಿಡುವ ಹಕ್ಕು ರೈತನದು. ಲೆವಿ, ರಾಜನ್, ಸಿಂಘ್ವಿ, ಝೆಂಗ್ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ವೇದಿಕೆಯಿಂದ ಭತ್ತದ ದರ ಸರಾಸರಿ ಶೇ. 5.1, ಶೇಂಗಾ 3.6, ಗೋವಿನಜೋಳ 3.5ರಷ್ಟು ಏರಿತು. ಹತ್ತಿ, ಹೆಸರು, ತೊಗರಿಯಲ್ಲಿ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ಕಲಘಟಗಿಯ ಹತ್ತಿ ಬೆಳೆಗಾರರು ಗಮನಿಸಬೇಕಾದ ಮಾತಿದು.

ಅದೇ ತಂಡ ಮುಂದೆ ರಾಜ್ಯದ ಒಂದು ಬೇಳೆಕಾಳು ಮಾರುಕಟ್ಟೆಯಲ್ಲಿ ಎರಡು ಹಂತದ ಹರಾಜು ನಡೆಸಿತು. ಮೊದಲ ಹಂತ ಎಂದಿನ ಮುಚ್ಚಿದ ಟೆಂಡರ್. ಅದರಲ್ಲಿ ಮುಂದಿದ್ದವರಿಗೆ ಮಾತ್ರ ದರ ಏರಿಸಲು ಇನ್ನೊಂದು ಅವಕಾಶ. ದರ ಸುಮಾರು ಶೇ. 4.7ರಷ್ಟು ಹೆಚ್ಚಿತು. ಯಾವ ತಂತ್ರಾಂಶಕ್ಕೂ ಹೊಸ ಜಾಣತನ ಕಲಿಸಿರಲಿಲ್ಲ, ಆಟದ ನಿಯಮವನ್ನಷ್ಟೇ ತಿದ್ದಿದ್ದರು. ರೈತನ ಬದಲು ವ್ಯಾಪಾರಿಗಳೇ ಪರಸ್ಪರ ಪೈಪೋಟಿಗೆ ಬಿದ್ದರು. ಯಂತ್ರ ಚೌಕಾಶಿಯ ಬಹುತೇಕ ಪಾಂಡಿತ್ಯಕ್ಕಿಂತ ನನಗೆ ಇದೇ ದೊಡ್ಡ ಕೆಲಸವಾಗಿ ಕಾಣುತ್ತದೆ.

ರೈತನ ಪರ ತಂತ್ರಾಂಶ ಬರೆಯುವುದಾದರೆ ಬರೆಯಲಿ, ನನ್ನ ವಿರೋಧವಿಲ್ಲ. ಆದರೆ 1,900 ಎಂಬ ಕೊನೆಯ ದರವನ್ನು ಅದು ರೈತನಿಂದ ಕೇಳಿ ಬರೆದುಕೊಂಡರೆ ಸಾಲದು. ಉಗ್ರಾಣದಲ್ಲಿ ಮಾಲಿಟ್ಟು ರಸೀದಿಯ ಮೇಲೆ ಎಷ್ಟು ಸಾಲ ಸಿಗುತ್ತದೆ, ಬಡ್ಡಿ ಎಷ್ಟು, ಹುಬ್ಬಳ್ಳಿಯ ಅಮರಗೋಳಕ್ಕೆ ಒಯ್ದರೆ ಬಾಡಿಗೆ ಕಳೆದು ಏನು ಉಳಿಯುತ್ತದೆ ಎಂಬುದನ್ನು ಲೆಕ್ಕ ಹಾಕಿ, ಆ ಕೊನೆಯ ದರವನ್ನೇ ಮೇಲೆತ್ತಲು ಸಾಧ್ಯವೇ ಎಂದು ಮೊದಲು ನೋಡಬೇಕು. ಚೌಕಾಶಿ ಆಮೇಲೆ.