ದಿಗ್ದರ್ಶಕ ಶಾಂತಾರಾಮರಲ್ಲಿಯ ನಟ

ನಮ್ಮ ಕಡೆಯ ಎಷ್ಟೋ ಶಾಲೆಗಳಲ್ಲಿ ಮುಂಜಾನೆಯ ಪ್ರಾರ್ಥನೆಯಾಗಿ ಹಾಡಲಾಗುವ ಒಂದು ಹಿಂದೀ ಗೀತವು 1957ರ ಚಿತ್ರಪಟವೊಂದರದು ಎಂಬುದು ಅದನ್ನು ಹಾಡುವ ಮಕ್ಕಳಿಗೆ ತಿಳಿದಿರಲಾರದು. ಹಾಡಿಸುವ ಗುರುಗಳಲ್ಲಿಯೂ ಕೆಲವರು ಮರೆತಿರಬಹುದು. ಆ ಚಿತ್ರದ ಹೆಸರು ‘ದೋ ಆಂಖೇ ಬಾರಹ ಹಾಥ್’. ಅದನ್ನು ನಿರ್ಮಿಸಿದವರು, ದಿಗ್ದರ್ಶಿಸಿದವರು, ಅದರಲ್ಲಿ ಪ್ರಧಾನ ಪಾತ್ರವನ್ನು ವಹಿಸಿದವರು ಒಬ್ಬರೇ — ವ್ಹಿ. ಶಾಂತಾರಾಮ.

ಶಾಂತಾರಾಮರ ಹೆಸರೆತ್ತಿದರೆ ನಮ್ಮ ಸೀಮೆಯ ಹಿರಿಯರ ಮುಖ ಅರಳುವುದುಂಟು. ಸೊಲ್ಲಾಪುರ, ಜತ್ತ, ಅಕ್ಕಲಕೋಟೆಗಳಲ್ಲಿ ಮನೆಯೊಳಗೆ ಕನ್ನಡವನ್ನೂ ಪೇಟೆಯಲ್ಲಿ ಮರಾಠಿಯನ್ನೂ ಆಡುವ ನಮಗೆ ಅವರು ಹೊರಗಿನವರೆಂದು ಎಂದೂ ಅನಿಸಿಲ್ಲ. ಆದರೆ ಈ ಅಭಿಮಾನದಿಂದಲೇ ಒಂದು ತೊಡಕು ಹುಟ್ಟಿದೆ: ಅವರ ಎಲ್ಲ ಚಿತ್ರಗಳನ್ನೂ ಒಂದೇ ತಕ್ಕಡಿಯಲ್ಲಿಟ್ಟು ಹೊಗಳುವುದು ನಮಗೆ ರೂಢಿಯಾಗಿದೆ. ಕೆಲವರು ಇನ್ನೊಂದು ಮಾತನ್ನೂ ಆಡುತ್ತಾರೆ — ಶಾಂತಾರಾಮರು ನಟರಾಗಿ ಹತ್ತರೊಡನೆ ಹನ್ನೊಂದನೆಯವರು, ದಿಗ್ದರ್ಶಕರಾದ ಮೇಲೆಯೇ ಅವರ ಭಾಗ್ಯ ತೆರೆಯಿತು ಎಂದು. ನಮಗೆ ಇವೆರಡೂ ಒಪ್ಪಿಗೆಯಿಲ್ಲ. ಅವರಲ್ಲಿಯ ನಟನು ಎಂದೂ ನಿವೃತ್ತನಾಗಲಿಲ್ಲ. ಆ ನಟನನ್ನು ದಿಗ್ದರ್ಶಕನು ಆಳಿದಾಗ ಚಿತ್ರಗಳು ಗೆದ್ದವು, ನಟನೇ ದಿಗ್ದರ್ಶಕನನ್ನು ಆಳತೊಡಗಿದಾಗ ಅವು ಬಳಲಿದವು. ಇಷ್ಟೇ ನಮ್ಮ ಪ್ರತಿಪಾದನೆ.

ಶಾಂತಾರಾಮ ರಾಜಾರಾಮ ವಣಕುದ್ರೆ 1901ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿದರು. ಹುಡುಗನಾಗಿದ್ದಾಗಲೇ ಗಂಧರ್ವ ನಾಟಕ ಮಂಡಳಿಯನ್ನು ಸೇರಿ ಚಿಕ್ಕಪುಟ್ಟ ಪಾತ್ರಗಳನ್ನು ಮಾಡಿದರು. ಅನಂತರ ಹೊಟ್ಟೆಪಾಡು ಅವರನ್ನು ಕನ್ನಡನಾಡಿಗೇ ಕರೆತಂದಿತು. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ದುಡಿದರು, ಅಲ್ಲಿಯೇ ಒಂದು ಸಿನೇಮಾ ಮಂದಿರದಲ್ಲಿಯೂ ಚಾಕರಿ ಮಾಡಿದರು. 1920ರಲ್ಲಿ ಕೊಲ್ಹಾಪುರಕ್ಕೆ ಮರಳಿ ಬಾಬುರಾವ ಪೇಂಟರರ ಮಹಾರಾಷ್ಟ್ರ ಫಿಲ್ಮ್ ಕಂಪನಿಯಲ್ಲಿ ಕಾಲಿಟ್ಟರು. ಪೇಂಟರರು ಹೆಸರಿಗೆ ತಕ್ಕ ಚಿತ್ರಕಾರರು. ಅಂಥವರ ಕೈಕೆಳಗೆ ಸಿಕ್ಕ ಕೆಲಸವನ್ನೆಲ್ಲ ಮಾಡುತ್ತ, 1921ರ ‘ಸುರೇಖಾ ಹರಣ’ದಿಂದ ಮೊದಲಾಗಿ ಮೂಕಚಿತ್ರಗಳಲ್ಲಿ ವೇಷ ಹಾಕುತ್ತ ಅವರು ಬೆಳೆದರು.

1925ರ ‘ಸಾವಕಾರೀ ಪಾಶ’ದಲ್ಲಿ ಅವರದು ತರುಣ ರೈತನ ಪಾತ್ರ. ಸಾಹುಕಾರನ ಕಪಟಕ್ಕೆ ಹೊಲ ಕಳೆದುಕೊಂಡ ಆ ರೈತ ಪಟ್ಟಣಕ್ಕೆ ಹೋಗಿ ಗಿರಣಿಯ ಕೂಲಿಯಾಗುತ್ತಾನೆ. ಸೊಲ್ಲಾಪುರದ ಗಿರಣಿಗಳಿಗೆ ಹಳ್ಳಿ ಹಳ್ಳಿಗಳಿಂದ ನಡೆದು ಬಂದವರ ಮಕ್ಕಳು ಮೊಮ್ಮಕ್ಕಳಾದ ನಮ್ಮಲ್ಲಿ ಅನೇಕರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾತಿಲ್ಲದ ಆ ಕಾಲದಲ್ಲಿ ನಟನಿಗಿದ್ದ ಆಸ್ತಿ ಮೈ ಮತ್ತು ಕಣ್ಣು. ಮಾತು ಬಂದ ಮೇಲೆಯೂ ಶಾಂತಾರಾಮರು ಈ ಆಸ್ತಿಯನ್ನು ಮಾರಿಕೊಳ್ಳಲಿಲ್ಲವೆಂಬುದು ಮುಂದೆ ಕಾಣುತ್ತದೆ.

1927ರ ‘ನೇತಾಜೀ ಪಾಲಕರ’ ಅವರು ದಿಗ್ದರ್ಶಿಸಿದ ಮೊದಲ ಚಿತ್ರ. 1929ರಲ್ಲಿ ದಾಮಲೆ, ಫತ್ತೇಲಾಲ, ಧಾಯಬರ, ಸೀತಾರಾಮಪಂತ ಕುಲಕರ್ಣಿ ಇವರೊಡನೆ ಕೂಡಿ ಪ್ರಭಾತ ಫಿಲ್ಮ್ ಕಂಪನಿಯನ್ನು ಸ್ಥಾಪಿಸಿದರು. 1933ರಲ್ಲಿ ಅದು ಪುಣೆಗೆ ಹೋಯಿತು. ಪ್ರಭಾತದ ಸಮಗ್ರ ಇತಿಹಾಸವನ್ನು ಇಲ್ಲಿ ಹೇಳಹೊರಟರೆ ಈ ಸಂಚಿಕೆಯ ಹಾಳೆಗಳೇ ಸಾಲವು. ಐದು ಜನ ಪಾಲುದಾರರಿದ್ದ ಸಂಸ್ಥೆಯಲ್ಲಿ ಒಬ್ಬನ ಹಟಕ್ಕೆ ನಾಲ್ವರ ಕಣ್ಣಿನ ಕಾವಲು ಇರುತ್ತಿತ್ತೆಂಬ ಒಂದು ಮಾತನ್ನಷ್ಟು ವಾಚಕರು ನೆನಪಿನಲ್ಲಿಡಬೇಕು.

1934ರ ‘ಅಮೃತ ಮಂಥನ’ದ ಹಿಂದೀ ರೂಪದಲ್ಲಿ ರಾಜಗುರುವಿನ ಪಾತ್ರ ಚಂದ್ರಮೋಹನರದು. ಅವರ ಒಂದು ಕಣ್ಣು ಇಡೀ ಪರದೆಯನ್ನು ತುಂಬಿ ನಿಲ್ಲುವ ದೃಶ್ಯವನ್ನು ಸಿನೇಮಾ ಬಲ್ಲವರೆಲ್ಲರೂ ಹೊಗಳುತ್ತಾರೆ, ದೂರದ ಮಸೂರದ ಚಮತ್ಕಾರವೆನ್ನುತ್ತಾರೆ. ಮಸೂರ ಯಾರಿಗಾದರೂ ಸಿಕ್ಕೀತು. ಆ ಕಣ್ಣಿನಲ್ಲಿಯೇ ಪಾತ್ರವೆಲ್ಲ ಅಡಗಿದೆಯೆಂದು ಕಾಣಬೇಕಾದರೆ, ಮಾತಿಲ್ಲದೆ ಕಣ್ಣಿನಿಂದಲೇ ಹೇಳಿ ರೂಢಿಯಿದ್ದ ನಟನೇ ಆಗಬೇಕು.

ಇನ್ನು 1937ರ ‘ಕುಂಕೂ’. ಹಿಂದಿಯಲ್ಲಿ ‘ದುನಿಯಾ ನ ಮಾನೇ’. ನಾ. ಹ. ಆಪಟೆಯವರ ಕಾದಂಬರಿ ಇದಕ್ಕೆ ಆಧಾರ. ಸೋದರಮಾವನ ವಂಚನೆಯಿಂದ ಮುದಿ ವಕೀಲನಿಗೆ ಎರಡನೆಯ ಸಂಬಂಧದ ಹೆಂಡತಿಯಾಗಿ ಬಂದ ನೀರಾ, ಆ ಮದುವೆಯನ್ನು ಮದುವೆಯೆಂದು ಒಪ್ಪಲೊಲ್ಲಳು. ನೀರಾ ಆಗಿ ಶಾಂತಾ ಆಪಟೆ, ಮುದುಕ ಕಾಕಾಸಾಹೇಬನಾಗಿ ರಂಗಭೂಮಿಯಲ್ಲಿ ಪಳಗಿದ ಕೇಶವರಾವ ದಾತೆ. ಬೇರೆ ದಿಗ್ದರ್ಶಕನಾಗಿದ್ದರೆ ಈ ಮುದುಕನನ್ನು ರಾಕ್ಷಸನನ್ನಾಗಿ ಮಾಡಿ ಚಪ್ಪಾಳೆ ಗಿಟ್ಟಿಸುತ್ತಿದ್ದ. ಶಾಂತಾರಾಮರು ಹಾಗೆ ಮಾಡಲಿಲ್ಲ. ಕಾಕಾಸಾಹೇಬ ನಮ್ಮ ನೆರೆಮನೆಯಲ್ಲಿರಬಹುದಾದ ಮರ್ಯಾದಸ್ಥ. ತಾನು ಮಾಡಿದ್ದು ಅನ್ಯಾಯವೆಂಬುದು ಅವನಿಗೆ ಮೆಲ್ಲಮೆಲ್ಲನೆ, ತೊಟ್ಟು ತೊಟ್ಟಾಗಿ ಅರಿವಾಗುತ್ತದೆ. ಕೊನೆಗೆ ಅವಳನ್ನು ಬಿಡುಗಡೆಗೊಳಿಸಲು ತನ್ನ ಪ್ರಾಣವನ್ನೇ ತೆಗೆದುಕೊಳ್ಳುತ್ತಾನೆ. ಈ ಅರಿವಿನ ಏರಿಕೆಯನ್ನು ದಾತೆಯವರು ಕೂಗಾಡದೆ ತೋರಿಸುತ್ತಾರೆ. ರಂಗಭೂಮಿಯ ದೊಡ್ಡ ನಟನಿಗೆ ದನಿ ತಗ್ಗಿಸಲು ಒಪ್ಪಿಸುವುದು ಸಣ್ಣ ಕೆಲಸವಲ್ಲವೆಂಬುದನ್ನು, ಶಾಲೆಯ ವಾರ್ಷಿಕೋತ್ಸವಕ್ಕೆ ನಾಟಕ ಆಡಿಸಿ ಗಂಟಲು ಹರಿದುಕೊಂಡ ನಮ್ಮ ಶಿಕ್ಷಕಮಿತ್ರರು ಒಪ್ಪಿಯಾರು!

ಆ ಚಿತ್ರದಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ. ದುಃಖದ ಸನ್ನಿವೇಶಕ್ಕೆ ಸಾರಂಗಿ, ಸಿಟ್ಟಿನದಕ್ಕೆ ನಗಾರಿ ಎಂಬ ಕಟ್ಟಳೆಯನ್ನು ಅವರು ಮುರಿದರು. ಗೋಡೆಯ ಗಡಿಯಾರದ ಸಪ್ಪಳ, ಬೀದಿಯ ಸದ್ದು, ಗ್ರಾಮಫೋನಿನ ತಟ್ಟೆ — ಮನೆಯಲ್ಲಿ ಏನು ಕೇಳಿಸುವುದೋ ಅದೇ ಚಿತ್ರದಲ್ಲಿಯೂ ಕೇಳಿಸುತ್ತದೆ. ವಾದ್ಯದ ಊರುಗೋಲನ್ನು ಕಿತ್ತುಕೊಂಡ ಮೇಲೆ ನಟನು ಬೀಳಬೇಕು ಇಲ್ಲವೆ ನಡೆಯಬೇಕು. ನಟರು ನಡೆಯುತ್ತಾರೆಂಬ ಭರವಸೆ ಉಳ್ಳವನೇ ಇಂಥ ಸಾಹಸಕ್ಕೆ ಇಳಿದಾನು.

1939ರ ‘ಮಾಣೂಸ’ದಲ್ಲಿ ಪೋಲೀಸ ಗಣಪತನಾಗಿ ಶಾಹೂ ಮೋಡಕ, ವೇಶ್ಯೆ ಮೈನಾ ಆಗಿ ಶಾಂತಾ ಹುಬ್ಳೀಕರ. ಹುಬ್ಳೀಕರರು ಹೆಸರೇ ಹೇಳುವಂತೆ ನಮ್ಮ ಹುಬ್ಬಳ್ಳಿ ಸೀಮೆಯಿಂದ ಹೋದವರು. ಮುಂದೆ 1942ರಲ್ಲಿ ಗುಬ್ಬಿ ವೀರಣ್ಣನವರ ಕನ್ನಡ ‘ಜೀವನ ನಾಟಕ’ದಲ್ಲಿಯೂ ನಟಿಸಿದರು. ಗಣಪತನು ಅವಳನ್ನು ಮನೆಗೆ ಕರೆದೊಯ್ಯಬಯಸುತ್ತಾನೆ, ಅವಳು ಆ ಮನೆಯ ಹೊಸ್ತಿಲನ್ನು ದಾಟಲಾರಳು. ಪ್ರೇಮಭಂಗವಾಯಿತೆಂದು ಕುಡಿದು ಸಾಯುವ ‘ದೇವದಾಸ’ನಿಗೆ ಇದು ಉತ್ತರವೆಂದು ವಿಮರ್ಶಕರು ಹೇಳುತ್ತ ಬಂದಿದ್ದಾರೆ, ಅದು ದಿಟ. 1941ರ ‘ಶೇಜಾರೀ’ಯಲ್ಲಿ ಒಬ್ಬ ಹಿಂದೂ, ಒಬ್ಬ ಮುಸಲ್ಮಾನ, ಇಬ್ಬರು ಮುದಿ ಗೆಳೆಯರು. ಊರಿಗೆ ಅಣೆಕಟ್ಟು ಬರುವ ನಿಮಿತ್ತ ಅವರಲ್ಲಿ ಬಿರುಕು ಹುಟ್ಟಿಸುತ್ತಾರೆ, ಕೊನೆಗೆ ಅಣೆಕಟ್ಟಿನ ಜಲಪ್ರಳಯದಲ್ಲಿ ಇಬ್ಬರೂ ಒಂದಾಗಿ ಸಾಯುತ್ತಾರೆ. ಹಿಂದಿಯ ‘ಪಡೋಸೀ’ಯಲ್ಲಿ ಹಿಂದೂ ಠಾಕೂರನ ಪಾತ್ರವನ್ನು ಮಝಹರ ಖಾನರಿಗೂ ಮುಸಲ್ಮಾನ ಮಿರ್ಜಾನ ಪಾತ್ರವನ್ನು ಗಜಾನನ ಜಾಗೀರದಾರರಿಗೂ ಕೊಟ್ಟರು. ಪಾತ್ರ ಹಂಚಿಕೆಯೇ ಅಲ್ಲಿ ಭಾಷಣವಾಯಿತು, ಬೇರೆ ಭಾಷಣ ಬೇಕಾಗಲಿಲ್ಲ. ಈ ಮೂರು ಚಿತ್ರಗಳಲ್ಲಿ ಶಾಂತಾರಾಮರು ಪರದೆಯ ಮೇಲೆ ನಾಯಕರಾಗಿ ಬರುವುದಿಲ್ಲ. ಅವರ ಅಭಿನಯವೆಲ್ಲ ಇತರರ ಮೈಯಲ್ಲಿ ಹರಿದಿದೆ. ಅವರ ಜೀವನದ ಸುಗ್ಗಿಯ ಕಾಲವೆಂದರೆ ಇದೇ ಎಂದು ನಾವು ಹಿಂಜರಿಯದೆ ಹೇಳುತ್ತೇವೆ.

1942ರಲ್ಲಿ ಪ್ರಭಾತವನ್ನು ಬಿಟ್ಟು ಮುಂಬಯಿಯಲ್ಲಿ ರಾಜಕಮಲ ಕಲಾಮಂದಿರವನ್ನು ಕಟ್ಟಿದರು. ತಂದೆ ರಾಜಾರಾಮ, ತಾಯಿ ಕಮಲಾ, ಇವರ ಹೆಸರುಗಳ ಕೂಡಿಕೆ ಅದು. ಈಗ ಯಜಮಾನರು ಒಬ್ಬರೇ. 1946ರಲ್ಲಿ ‘ಡಾ. ಕೋಟನೀಸ ಕೀ ಅಮರ ಕಹಾನೀ’ ಬಂತು. ಸೊಲ್ಲಾಪುರದಲ್ಲಿ ಹುಟ್ಟಿ, 1938ರಲ್ಲಿ ಐವರು ವೈದ್ಯರ ಪಥಕದೊಡನೆ ಚೀನಕ್ಕೆ ಹೋಗಿ, ಯುದ್ಧದಲ್ಲಿ ಗಾಯಗೊಂಡವರ ಸೇವೆ ಮಾಡುತ್ತ 1942ರಲ್ಲಿ ಅಲ್ಲಿಯೇ ಮಡಿದ ದ್ವಾರಕಾನಾಥ ಕೋಟನೀಸರ ಕಥೆ ಇದು. ನಮ್ಮೂರ ಮಗನ ಕಥೆಯಾದುದರಿಂದ ಇದರ ದೋಷ ಹೇಳಲು ನಾಲಿಗೆ ತಡೆಯುತ್ತದೆ. ಆದರೂ ಹೇಳಬೇಕು. ಕೋಟನೀಸರ ಪಾತ್ರವನ್ನು ತಾವೇ ವಹಿಸಿದ ಶಾಂತಾರಾಮರು ಆ ವೈದ್ಯನ ದಣಿವಿಗಿಂತ ಅವನ ಹಿರಿಮೆಯನ್ನೇ ಹೆಚ್ಚಾಗಿ ತೋರಿಸಿದ್ದಾರೆ. ಕಾಕಾಸಾಹೇಬನ ದೌರ್ಬಲ್ಯವನ್ನು ದಾತೆಯವರಿಂದ ಅಷ್ಟು ನಿಷ್ಠುರವಾಗಿ ತೆಗೆಸಿದವರು, ತಮ್ಮ ಮುಖದ ವಿಷಯದಲ್ಲಿ ಅಷ್ಟು ನಿಷ್ಠುರರಾಗಲಿಲ್ಲ.

ಹಾಗಾದರೆ ‘ದೋ ಆಂಖೇ ಬಾರಹ ಹಾಥ್’ ಹೇಗೆ ಗೆದ್ದಿತು? ಅಲ್ಲಿಯೂ ಅವರೇ ನಾಯಕರಲ್ಲವೇ? ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ಜತ್ತಿಗೆ ಬಹು ದೂರವಲ್ಲದ ಆಟಪಾಡಿಯ ಬಳಿ ಔಂಧ ಸಂಸ್ಥಾನದವರು 1939ರಲ್ಲಿ ಸ್ವತಂತ್ರಪುರವೆಂಬ ಬಯಲು ಬಂದೀಖಾನೆಯನ್ನು ತೆರೆದಿದ್ದರು. ಕೈದಿಗಳು ಬೇಡಿಯಿಲ್ಲದೆ ಅಲ್ಲಿ ಹೊಲ ಮಾಡುತ್ತಿದ್ದರು. ಆ ಸೀಮೆಯವರೇ ಆದ ಗ. ದಿ. ಮಾಡಗೂಳಕರರು ಇದರಿಂದ ಕಥೆ ಹೆಣೆದರು. ಆರು ಮಂದಿ ಕೊಲೆಗಾರರನ್ನು ಜೇಲರನೊಬ್ಬ ಬರಡು ಭೂಮಿಗೆ ಕರೆದೊಯ್ದು, ಅವರನ್ನು ಕಾಯಲು ತನ್ನ ಎರಡು ಕಣ್ಣುಗಳನ್ನಲ್ಲದೆ ಮತ್ತೇನನ್ನೂ ಇಟ್ಟುಕೊಳ್ಳುವುದಿಲ್ಲ. ನೋಡಿರಿ, ಪಾತ್ರದ ಕೆಲಸವೇ ಸುಮ್ಮನೆ ನೋಡುವುದು. ಜೇಲರ ಆದಿನಾಥನ ಕೆಲಸ ಕೈದಿಗಳನ್ನು ನೋಡುವುದು, ದಿಗ್ದರ್ಶಕನ ಕೆಲಸ ನಟರನ್ನು ನೋಡುವುದು. ಇಲ್ಲಿ ಎರಡೂ ಒಂದಾಗಿವೆ. ಮೂಕಚಿತ್ರದ ಹಳೆಯ ಆಸ್ತಿ ಮೂವತ್ತು ವರ್ಷಗಳ ಮೇಲೆ ಬಡ್ಡಿಸಹಿತ ಮರಳಿತು. ಎರಡು ವರ್ಷ ಮೊದಲು ‘ಝನಕ ಝನಕ ಪಾಯಲ ಬಾಜೇ’ಯಲ್ಲಿ ಬಣ್ಣದ ಜಾತ್ರೆಯನ್ನೇ ನೆರೆಸಿದ್ದವರು ಇಲ್ಲಿ ಕಪ್ಪುಬಿಳುಪಿಗೆ ಮರಳಿದ್ದೂ ವಿವೇಕವೇ. ಗೂಳಿಯೊಡನೆ ಹೋರಾಡುವ ದೃಶ್ಯದಲ್ಲಿ ತಾವೇ ಇಳಿದು ಕಣ್ಣಿಗೆ ಪೆಟ್ಟು ಮಾಡಿಕೊಂಡರು, ಕೆಲಕಾಲ ದೃಷ್ಟಿಯನ್ನೇ ಕಳೆದುಕೊಂಡಂತಿದ್ದರು. ಚಿತ್ರಕ್ಕೆ ರಾಷ್ಟ್ರಪತಿಗಳ ಸುವರ್ಣಪದಕವೂ 1958ರಲ್ಲಿ ಬರ್ಲಿನ್ನಿನ ರಜತ ಕರಡಿಯೂ ದೊರೆತವು. ಆಟಿಕೆ ಮಾರುವ ಹೆಣ್ಣಿನ ಕುಣಿತಗಳು ಚಿತ್ರದ ಬಿಗುವನ್ನು ಸಡಿಲಿಸುತ್ತವೆಂಬ ಆಕ್ಷೇಪವನ್ನು ನಾವು ಬಿಟ್ಟುಕೊಡುವುದಿಲ್ಲ.

ಅನಂತರದ ಕಥೆ ಅಷ್ಟು ಸುಖದ್ದಲ್ಲ. 1943ರ ‘ಶಕುಂತಲಾ’ದಲ್ಲಿ ದುಷ್ಯಂತನ ಪಾತ್ರವನ್ನು ಚಂದ್ರಮೋಹನರಿಗೆ ಕೊಟ್ಟವರು, 1961ರಲ್ಲಿ ಅದೇ ಕಥೆಯನ್ನು ‘ಸ್ತ್ರೀ’ ಎಂದು ಮತ್ತೆ ತೆಗೆದಾಗ ದುಷ್ಯಂತ ತಾವೇ ಆದರು. ಆಗ ಅವರ ವಯಸ್ಸು ಅರುವತ್ತರ ಹತ್ತಿರ. ಬಸವಪ್ಪ ಶಾಸ್ತ್ರಿಗಳ ಕನ್ನಡ ಶಾಕುಂತಲವನ್ನು ಓದಿ ಬೆಳೆದ ನಮಗೆ ಆ ಮೃಗಯಾವಿಹಾರಿಯನ್ನು ಕಂಡು ಮುಜುಗರವಾಯಿತೆನ್ನದೆ ವಿಧಿಯಿಲ್ಲ. ವಯಸ್ಸಿನಿಂದ ಕುಂದಿದರು ಎನ್ನುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ಬೇಡ ಎನ್ನುವ ದಾಮಲೆ, ಫತ್ತೇಲಾಲರು ಈಗ ಪಕ್ಕದಲ್ಲಿರಲಿಲ್ಲ.

ವಯಸ್ಸು ಕಾರಣವಲ್ಲವೆಂಬುದಕ್ಕೆ 1972ರ ‘ಪಿಂಜರಾ’ ಸಾಕ್ಷಿ. ಆಗ ಅವರಿಗೆ ಎಪ್ಪತ್ತು. ಊರಿನಿಂದ ತಮಾಷಾ ಮೇಳವನ್ನು ಓಡಿಸಹೊರಟ ಕಟ್ಟುನಿಟ್ಟಿನ ಶಾಲಾಮಾಸ್ತರನು ಆ ಮೇಳದ ನರ್ತಕಿಗೇ ಸೆರೆಯಾಗುತ್ತಾನೆ. ಮಾಸ್ತರನು ಕೊಲೆಯಾದನೆಂದು ನಂಬಿದ ಊರು ಅವನನ್ನು ದೇವರಂತೆ ಪೂಜಿಸುತ್ತದೆ. ಇವನು ಮೇಳದಲ್ಲಿ ಕೂಲಿಯಾಗಿ ಅಲೆಯುತ್ತಾನೆ. ಕೊನೆಗೆ ಮಾಸ್ತರನನ್ನು ಕೊಂದ ಅಪರಾಧಕ್ಕೆ ಆ ಮಾಸ್ತರನನ್ನೇ ಹಿಡಿಯುತ್ತಾರೆ. ನಾನೇ ಅವನು ಎಂದರೆ ತಲೆ ಉಳಿಯುತ್ತದೆ, ಊರ ಮಕ್ಕಳ ಮುಂದಿರುವ ಆದರ್ಶ ಉರುಳುತ್ತದೆ. ಅವನು ಬಾಯಿ ಬಿಡುವುದಿಲ್ಲ. ಈ ಸನ್ನಿವೇಶವನ್ನು ನೋಡಿ ನಮ್ಮ ವೃತ್ತಿಯವರು ಕೆಲಹೊತ್ತು ಮಾತಾಡಲಾರರು. ಪಾತ್ರ ವಹಿಸಿದವರು ವೃತ್ತಿಯಿಂದ ವೈದ್ಯರಾಗಿದ್ದ, ರಂಗಭೂಮಿಯಿಂದ ಬಂದ ಶ್ರೀರಾಮ ಲಾಗೂ. ಶಾಂತಾರಾಮರು ಕ್ಯಾಮರಾದ ಹಿಂದೆ ನಿಂತಿದ್ದರು.